ರಿಂಗು ಹಾಕಿದ ಅಂತರಪಟ

ನನ್ನ ಬೆಲ್ಟು ನೋಡಿದವರಿಗೆ ನನ್ನ ಜೀವನ ಚರಿತ್ರೆ ಬೇರೆ ಹೇಳಬೇಕಾಗಿಲ್ಲ. ಲಗ್ನದ ಹೊತ್ತಿಗೆ ಕೊಂಡ ಬೆಲ್ಟು ಅದು. ಹೊಟ್ಟೆ ಮುಂದೆ ಬಂದಾಗಲೆಲ್ಲ ಹೊಸದೊಂದು ತೂತು ಕೊರೆದು, ಅಂಚು ಹರಿಯಬಾರದೆಂದು ಆ ತೂತಿಗೊಂದು ಹಿತ್ತಾಳೆ ರಿಂಗು ಹೊಡೆಯುತ್ತ ಬಂದಿದ್ದೇನೆ. ಈಗ ಬೆಲ್ಟಿನಲ್ಲಿ ಜಾಗ ಮುಗಿದಿದೆ. ಹೊಟ್ಟೆಗೆ ಮಾತ್ರ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ನನ್ನ ಹೆಸರು ವಸಂತ. ಬೀದರಿನ ಗಾಂಧಿ ಗಂಜಿನ ಹತ್ತಿರ ನನ್ನದೊಂದು ತಾಡಪತ್ರಿ, ಅಂದರೆ ಟಾರ್ಪಾಲಿನ, ಅಂಗಡಿ. ತಾಡಪತ್ರಿ ಹೊಲಿಯುವವರು, ಮಾರುವವರು ಊರಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ನನ್ನ ಹೆಚ್ಚುಗಾರಿಕೆ ಇರುವುದು ಅದರ ಅಂಚಿಗೆ ರಿಂಗು ಹೊಡೆಯುವುದರಲ್ಲಿ. ಹಗ್ಗ ಪೋಣಿಸಲಿಕ್ಕೆ ತಾಡಪತ್ರಿಯ ಅಂಚಿಗೆ ಸಾಲಾಗಿ ಲೋಹದ ಕಣ್ಣುಗಳಿರುತ್ತವಲ್ಲ, ಅವು. ಮಾಲು ಬರುವ ಡಬ್ಬಿಯ ಮೇಲೆ ಐಲೆಟ್ ಎಂದು ಬರೆದಿರುತ್ತದೆ. ನಮ್ಮಲ್ಲಿ ಚಿಕ್ಕದಿರಲಿ ದೊಡ್ಡದಿರಲಿ ಎಲ್ಲವೂ ರಿಂಗೇ. ಹಲಬರ್ಗಾದ ರೈತ ಸೋಯಾ ರಾಶಿಗೆ ಹೊದಿಸುವ ತಾಡಪತ್ರಿ, ಲಾರಿಯವರ ಹೊದಿಕೆ, ಸಾಲಿ ಹುಡುಗರ ಚೀಲ, ಬೂಟಿನ ಲೇಸು ಹಾಯುವ ತೂತು, ಕ್ರಿಕೆಟ್ ಆಡುವವರ ಬಲೆ, ಎಲ್ಲವೂ ನನ್ನ ಕೈಯಿಂದ ಹಾದುಹೋಗಿವೆ. ಚುನಾವಣೆ ಬಂದರೆ ಫ್ಲೆಕ್ಸುಗಳ ಮೂಲೆಗೂ ನಾನೇ. ಒಮ್ಮೆ ಅವಸರದಲ್ಲಿ ಒಬ್ಬ ಮುಖಂಡರ ಕಿವಿಯ ತುದಿಗೇ ಹೊಡೆದುಬಿಟ್ಟೆ. ಓಲೆ ಹಾಕಿಕೊಂಡ ಹಾಗೆ ಕಾಣುತ್ತಿದ್ದರು. ಅವರ ಹುಡುಗರು ಅಂಗಡಿಗೆ ಬಂದು ಬಾಯಿಗೆ ಬಂದಂತೆ ಬೈದರು. ಆ ಫ್ಲೆಕ್ಸು ಗಾಳಿಗೆ ಹರಿಯಲೇ ಇಲ್ಲ ಎಂಬುದನ್ನು ಒಬ್ಬನಾದರೂ ಹೇಳಬೇಕಲ್ಲ! ಇಲ್ಲ.

ಅಂಗಡಿಯ ಬೋರ್ಡಿನ ಮೇಲೆ ನಾನೇ ಬರೆಸಿದ್ದೇನೆ: ‘ಬಟ್ಟಿ ಹರದೀತು, ವಸಂತನ ರಿಂಗು ಕೀಳಂಗಿಲ್ಲ.’ ಬರೀ ಜಂಬವಲ್ಲ ಅದು. ಅಂಚನ್ನು ಎರಡು ಮಡಿಕೆ ಮಡಚಿ, ನಡುವೆ ದಪ್ಪ ಬಟ್ಟೆಯ ತುಂಡು ಇಟ್ಟು, ರಿಂಗಿನ ಕೊರಳಿಗಿಂತ ಜರಾ ಸಣ್ಣ ತೂತು ಕೊರೆದು ಹೊಡೆದರೆ ಬಟ್ಟೆ ಅದನ್ನು ಕಚ್ಚಿ ಹಿಡಿಯುತ್ತದೆ. ಇಷ್ಟೇ ವಿದ್ಯೆ. ಆದರೆ ಈ ವಿದ್ಯೆ ತಲೆಗೇರಿದರೆ ಏನಾಗುತ್ತದೆ ಎಂಬುದನ್ನು ನಮ್ಮ ಮನೆಗೆ ಬಂದು ನೋಡಬೇಕು. ಟಿವಿ ಹೊದಿಕೆಗೆ ರಿಂಗು, ಜೋಳದ ಚೀಲದ ಬಾಯಿಗೆ ರಿಂಗು, ಬಚ್ಚಲಿನ ಪಡದಾಕ್ಕೆ ರಿಂಗು. “ಒಂದಿನ ನಾ ಮಲಗಿದಾಗ ನನ್ನ ಕಿವೀಗೂ ಹೊಡೀತೀರಿ ನೀವು,” ಎನ್ನುತ್ತಾಳೆ ನನ್ನ ಹೆಂಡತಿ ಸುಮನ.

ನಮಗೆ ಮಕ್ಕಳಿಲ್ಲ. ಈ ಮಾತು ಹೇಳುವಾಗ ಜನ ದನಿ ತಗ್ಗಿಸುತ್ತಾರೆ. ನಮ್ಮ ಮನೆಯಲ್ಲಿ ದನಿ ತಗ್ಗಿಸುವ ಹಾಗಿರಲಿಲ್ಲ, ಯಾಕೆಂದರೆ ಮಂಜಿರಿ ಇದ್ದಳು; ತಗ್ಗಿಸಿದರೆ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಮಂಜಿರಿ ನನ್ನ ಅಕ್ಕ ವತ್ಸಲಾಬಾಯಿಯ ಮಗಳು. ಅಕ್ಕನ ಮನೆ ಭಾಲ್ಕಿ ತಾಲೂಕಿನ ಮೆಹಕರದಲ್ಲಿ. ಹೈಸ್ಕೂಲು ಓದಲಿಕ್ಕೆಂದು ಬೀದರಕ್ಕೆ ಬಂದ ಹುಡುಗಿ ಕಾಲೇಜು ಮುಗಿಯುವವರೆಗೂ ನಮ್ಮಲ್ಲೇ ಉಳಿದಳು. ಸಾಲಿ ಬಿಟ್ಟ ಮೇಲೆ ಅಂಗಡಿಗೆ ಬಂದು ತಾಡಪತ್ರಿಯ ಆ ಕಡೆಯ ತುದಿ ಹಿಡಿದು ಬಿಗಿಯಾಗಿ ಎಳೆದು ನಿಲ್ಲುವಳು. “ಮಂಜಿ, ನೀ ಹಿಡಿ, ನಾ ಹೊಡೀತೇನಿ,” ಎನ್ನುತ್ತಿದ್ದೆ. ಅವಳು ಹಿಡಿದ ಬಟ್ಟೆಯಲ್ಲಿ ಒಂದು ಸುಕ್ಕೂ ಇರುತ್ತಿರಲಿಲ್ಲ. ಬಾಯಿ ಮಾತ್ರ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ.

ಒಮ್ಮೆ ಯಾರದೋ ಲಗ್ನಕ್ಕೆ ಭಾಲ್ಕಿಗೆ ಹೋಗಿದ್ದೆವು. ವಧು ವರರ ನಡುವೆ ಅಂತರಪಟ ಹಿಡಿದಿದ್ದರು. ಮಂಗಲಾಷ್ಟಕ ಮುಗಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡಬಾರದೆಂದು ಅಡ್ಡ ಹಿಡಿಯುವ ಬಿಳಿ ಬಟ್ಟೆ ಅದು. ನಮ್ಮ ಮನೆತನದಲ್ಲಿ ಹುಡುಗಿಯ ಕಡೆಯ ತುದಿಯನ್ನು ಸೋದರಮಾವ ಹಿಡಿಯಬೇಕು. ಆ ಸೋದರಮಾವನ ಕೈ ಸೋತು ಬಟ್ಟೆ ಜೋತುಬಿದ್ದು, ಹುಡುಗ ಆಗಲೇ ಇಣುಕಿ ನೋಡುತ್ತಿದ್ದ. ಅದನ್ನು ಕಂಡ ಮಂಜಿರಿ ಇಡೀ ಮಂಟಪಕ್ಕೆ ಕೇಳುವಂತೆ ಅಂದಳು: “ನನ್ನ ಲಗ್ನದಾಗ ನಮ್ಮ ಮಾಮಾ ಹಿಡೀತಾನ, ನೋಡ್ರಿ. ಬಟ್ಟಿ ನೆಟ್ಟಗ ಹಿಡಿಯೋದು ಹ್ಯಾಂಗ ಅಂತ ಅವನಿಗಿ ಗೊತ್ತದ!” ಜನ ನಕ್ಕರು. ನಾನು ಮಾತ್ರ ಆ ಮಾತನ್ನು ಎದೆಗೆ ರಿಂಗು ಹೊಡೆದು ತೂಗುಹಾಕಿಕೊಂಡೆ.

ಅವಳ ಲಗ್ನ ಔರಾದಿನ ಹುಡುಗನೊಂದಿಗೆ ನಿಶ್ಚಯವಾದ ವರ್ಷವೇ ನನ್ನ ಬಲಭುಜ ಹಟ ಹಿಡಿಯಿತು. ಕೈ ಎದೆಯ ಮಟ್ಟಕ್ಕೆ ಬಂದು ಅಲ್ಲೇ ನಿಲ್ಲುತ್ತಿತ್ತು, ಅದರ ಮೇಲೆ ಏರಿಸಿದರೆ ಪ್ರಾಣ ಹೋದಂತೆ ನೋವು. ಸ್ವಲ್ಪ ದಿನಕ್ಕೆ ಎಡಭುಜವೂ ಬಲಭುಜದ ಪಕ್ಷ ಸೇರಿತು. ಡಾಕ್ಟರ ಮುಂದೆ ಕೂತು, ಇಷ್ಟು ವರ್ಷ ರಿಂಗು ಹೊಡೆಯುವ ಪ್ರೆಸ್ಸಿನ ಹಿಡಿಕೆ ಜಗ್ಗಿ ಜಗ್ಗಿ ಹೀಗಾಯಿತೆಂದು ದುಡಿದು ಸವೆದವನ ಮುಖ ಮಾಡಿ ಹೇಳಿದೆ.

“ಪ್ರೆಸ್ಸೂ ಇಲ್ಲ ಗಿಸ್ಸೂ ಇಲ್ರಿ,” ಅಂದರು ಅವರು. “ಶುಗರ್ ಅದ ನಿಮಗ. ಶುಗರ್ ಇದ್ದವರಿಗಿ ಭುಜ ಹಿಂಗ ಬಿಗೀತದ. ಪೇಡಾ ಬಿಡ್ರಿ. ದಿನಾ ಗ್ವಾಡಿ ಮ್ಯಾಲ ಬೆರಳು ಆಡಿಸ್ಕೋತ ಕೈ ಏರಿಸ್ರಿ, ತಾನೇ ಬಿಡ್ತದ.”

ಪೇಡಾ ಬಿಟ್ಟೆ. ಜಿಲೇಬಿಯ ಬಗ್ಗೆ ಅವರೇನೂ ಹೇಳಿರಲಿಲ್ಲ. ಗೋಡೆಯ ಮೇಲೆ ಬೆರಳು ಆಡಿಸುವುದನ್ನು ಎರಡು ದಿನ ಮಾಡಿದೆ. ನೋವಾಯಿತು, ಬಿಟ್ಟೆ. ಅಲ್ಲಿಂದ ಮುಂದೆ ಸುಮನಳೇ ನನ್ನ ತಲೆ ಬಾಚತೊಡಗಿದಳು. ಪ್ರೆಸ್ಸಿನ ಕೆಲಸ ಸೊಂಟದ ಮಟ್ಟದ್ದಾದ್ದರಿಂದ ಅಂಗಡಿಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಪಕ್ಕದಲ್ಲಿ ಗಾದಿ ತುಂಬುವ ಖಾಜಾ ಮಿಯಾನಿಗೆ ಮಾತ್ರ ಬಾಯಿ ಬಿಟ್ಟೆ.

“ಅರೆ ವಸಂತರಾವ್, ಅಕ್ಕಗ ಹೇಳಿಬಿಡ್ರಿ,” ಅಂದ ಅವನು. “ಭುಜ ಹಿಡದದ ಅಂದ್ರ ಅದರಾಗ ಏನ್ ಶರಮ್?”

“ಹೇಳಿದ್ರ ಬಟ್ಟಿ ಮಕರಂದಗ ಕೊಡ್ತಾರ, ಖಾಜಾ ಭಾಯಿ.”

“ಕೊಡ್ಲಿ.”

“ಕೊಡ್ಲಿ ಅಂತೀರಲ್ರೀ!” ಎಂದು ನಾನು ಎಷ್ಟು ಜೋರಾಗಿ ಕೂಗಿದೆನೆಂದರೆ ಅವನ ಕೈಯಲ್ಲಿದ್ದ ಹತ್ತಿ ಹಾರಿತು.

ಮಕರಂದ ಅಕ್ಕನ ಮೈದುನ. ಭಾಲ್ಕಿಯಲ್ಲಿ ಕಾಲೇಜು ಮಾಸ್ತರ. ಬೆಳಗಾಗೆದ್ದು ತಲೆ ಕೆಳಗೆ ಕಾಲು ಮೇಲೆ ಮಾಡಿ ನಿಲ್ಲುತ್ತಾನೆ, ನಿಂತು ಅದರ ಫೋಟೋ ತೆಗೆಸಿ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕುತ್ತಾನೆ. ಅವನಿಗೆ ಏನೋ ವಾಸನೆ ಬಡಿದಿತ್ತು. ಅಕ್ಕನ ಮನೆಯಲ್ಲಿ ಎಲ್ಲರೆದುರು ಅಂದ: “ವಸಂತರಾವ್, ನಿಮಗ ವಯಸ್ಸಾತು, ತ್ರಾಸ ಆಗಬಾರದು. ಅಂತರಪಟ ನಾ ಹಿಡೀತೇನಿ. ನನಗ ಯೋಗದ ರೂಢಿ ಅದ.” ಅವನಿಗೂ ನನಗೂ ಒಂದೇ ವಯಸ್ಸು. ನಾನು ಸಿಟ್ಟಿನಿಂದ ಕೈ ಎತ್ತಿ ಮಾತಾಡಬೇಕೆಂದರೆ ಕೈಯೇ ಏಳಲಿಲ್ಲ.

ನಮ್ಮ ಬಳಗದ ಮಂಗಲಾಷ್ಟಕ ಗೊತ್ತಿದ್ದವರಿಗೆ ನನ್ನ ಸಂಕಟ ತಿಳಿದೀತು. ಮನೆಯಲ್ಲಿ ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ. ಹಾಗಾಗಿ ಕನ್ನಡದಲ್ಲಿ ಹಾಡಿದ್ದನ್ನು ಮರಾಠಿಯವರು ಸುಮ್ಮನೆ ಕೇಳಿಕೊಂಡು ಕೂರುವುದಿಲ್ಲ. ಒಬ್ಬ ಅತ್ತೆ ಹಾಡಿದರೆ ಇನ್ನೊಬ್ಬ ಕಾಕಿ ತಾನೇ ಬರೆದದ್ದನ್ನು ಹಿಡಿದು ಎದ್ದು ನಿಲ್ಲುತ್ತಾಳೆ. ಅಷ್ಟೂ ಹೊತ್ತು ಬಟ್ಟೆಯನ್ನು ಹುಡುಗಿಯ ತಲೆಯ ಮಟ್ಟಕ್ಕೆ ಎತ್ತಿ ಹಿಡಿಯಬೇಕು.

ದಾರಿ ಹೊಳೆದದ್ದು ಬಚ್ಚಲಿನಲ್ಲಿ. ಮೈಮೇಲೆ ನೀರು ಹಾಕಿಕೊಳ್ಳುತ್ತ ಪಡದಾ ಸರಿಸಿದೆ. ರಿಂಗುಗಳು ಕಬ್ಬಿಣದ ಸಳಿಯ ಮೇಲೆ ಸರ್ರೆಂದು ಓಡಿದವು. ನಾನು ಹಾಗೇ ನಿಂತುಬಿಟ್ಟೆ. ಅಂತರಪಟಕ್ಕೂ ರಿಂಗು ಹಾಕಿದರೆ? ಮಂಟಪದ ಕಂಬದಿಂದ ಕಂಬಕ್ಕೆ ಹಗ್ಗ ಕಟ್ಟಿ ಅದರ ಮೇಲೆ ಬಟ್ಟೆ ಬಿಟ್ಟರೆ ಎತ್ತಿ ಹಿಡಿಯುವ ಮಾತೇ ಇಲ್ಲ. ಕೆಳಗಿನ ತುದಿ ಹಿಡಿದು ಗತ್ತಿನಿಂದ ನಿಲ್ಲುವುದು, ಮುಹೂರ್ತ ಬಂದಾಗ ಒಂದು ಸಲ ಜಗ್ಗುವುದು, ಮುಗಿಯಿತು. ಸೋಪು ತೊಳೆದುಕೊಳ್ಳುವುದನ್ನೂ ಮರೆತು ಹೊರಗೆ ಬಂದೆ.

“ಬೀದರದಾಗ ಹೊಸಾ ಫ್ಯಾಷನ್ ಬಂದದ ಅಕ್ಕಾ,” ಎಂದು ಫೋನಿನಲ್ಲಿ ಸುಳ್ಳು ಬಿಟ್ಟೆ.

“ಮತ್ತ ಹಿಡಿಯೋದು ಯಾರೋ?” ಅಂದಳು ಅಕ್ಕ.

“ನಾನೇ. ತುದಿ ಹಿಡಕೊಂಡು ನಿಂದರ್ತೇನಿ, ಹೊತ್ತಿಗಿ ಸರಿಯಾಗಿ ಸರಸ್ತೇನಿ.”

ತೆಳ್ಳನೆಯ ಧೋತರದ ಅಂಚು ಮಡಚಿ, ಒಳಗೆ ದಪ್ಪ ಬಟ್ಟೆ ಇಟ್ಟು, ಜೀವಮಾನದ ಅತ್ಯಂತ ಚೆಂದದ ಸಾಲು ಹೊಡೆದೆ. ದೊಡ್ಡ ರಿಂಗು ಒರಟಾಗಿ ಕಾಣುತ್ತದೆಂದು ಸಣ್ಣವನ್ನೇ ಆರಿಸಿದೆ. ಭಟ್ಟರು ಪ್ಲಾಸ್ಟಿಕ್ಕಿನ ಹಗ್ಗ ಮಂಟಪಕ್ಕೆ ಬೇಡವೆಂದರು. ಸರಿ, ನೂಲಿನ ಹಗ್ಗ ತಂದು ಅರಿಶಿಣದಲ್ಲಿ ನೆನೆಸಿದೆ. ಹಗ್ಗ ಉಬ್ಬಿತು.

“ರಿಂಗು ಸಣ್ಣು ಆದ್ವೇನ್ರಿ? ಬಿಗಿ ಅನ್ನಸ್ತದ,” ಅಂದಳು ಸುಮನ.

“ನಿನಗೇನ್ ತಿಳೀತದ, ಸುಮ್ಮನಿರು,” ಅಂದೆ. ಮನೆಯಲ್ಲಿ ಎಳೆದು ನೋಡಿದಾಗ ಬಟ್ಟೆ ನಯವಾಗಿ ಸರಿಯಿತು. ಅಷ್ಟು ಸಾಕಾಯಿತು ನನಗೆ.

ಲಗ್ನ ಭಾಲ್ಕಿಯ ಮಂಗಲ ಕಾರ್ಯಾಲಯದಲ್ಲಿ. ಎದುರು ಕಂಬಕ್ಕೆ ಹಗ್ಗದ ತುದಿಯನ್ನು ಲಾರಿಗೆ ಬಿಗಿಯುವ ಗಂಟಿನಿಂದ ಬಿಗಿದೆ, ಅಂದರೆ ಅದು ಸುಮ್ಮನೆ ಬಿಚ್ಚುವ ಗಂಟಲ್ಲ. ನನ್ನ ಕಡೆಯ ಕಂಬದ ಕೊಂಡಿಗೆ ಹಗ್ಗದ ಕುಣಿಕೆ ಸಿಕ್ಕಿಸಿದೆ. ಎರಡನ್ನೂ ಕುರ್ಚಿ ಹತ್ತಿ ಮಾಡಿದೆ. ಕುರ್ಚಿ ಹತ್ತಿದರೆ ಕೊಂಡಿ ನನ್ನ ಎದೆಗೆ ಬರುತ್ತದೆ, ಕೈ ಎತ್ತಬೇಕಿಲ್ಲ. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡು ಆ ಕುರ್ಚಿಯನ್ನು ಬೀಗರೊಬ್ಬರಿಗೆ ಕೂರಲು ಕೊಟ್ಟುಬಿಟ್ಟೆ.

ಭಟ್ಟರು ಬಂದು ಕತ್ತೆತ್ತಿ ನೋಡಿದರು. “ಇದೇನ್ರೀ ವಸಂತರಾವ್, ಬಚ್ಚಲಿನ ಪಡದಾ?”

ಆ ಮನುಷ್ಯ ಅಷ್ಟು ಕರಾರುವಾಕ್ಕಾಗಿ ಹೇಗೆ ಹೇಳಿದರೋ ಇಂದಿಗೂ ಗೊತ್ತಿಲ್ಲ.

ಮಂಗಲಾಷ್ಟಕ ಸುರುವಾಯಿತು. ಬಟ್ಟೆ ಒಂದು ಸುಕ್ಕಿಲ್ಲದೆ ತೂಗುತ್ತಿತ್ತು. ನನ್ನ ಪಕ್ಕದಲ್ಲಿ ಮಾಲೆ ಹಿಡಿದು ಮಂಜಿರಿ, ಬಟ್ಟೆಯ ಆ ಕಡೆ ಹುಡುಗ, ಆಚೆ ತುದಿಯಲ್ಲಿ ಹುಡುಗನ ಕುಳ್ಳ ಕಾಕಾ. ನಾನು ಸೊಂಟದ ಮಟ್ಟದಲ್ಲಿ ಬಟ್ಟೆಯ ತುದಿ ಹಿಡಿದು ಎದೆ ಉಬ್ಬಿಸಿ ನಿಂತೆ. ಔರಾದಿನವರು ಮರಾಠಿಯಲ್ಲಿ ಹಾಡಿದರು, ನಮ್ಮವರು ಕನ್ನಡದಲ್ಲಿ ಹಾಡಿದರು, ಔರಾದಿನವರು ತಮಗೂ ಕನ್ನಡ ಬರುತ್ತದೆಂದು ಮತ್ತೆ ಹಾಡಿದರು. ಮಕರಂದ ಬಳಗದವರೆಲ್ಲರ ಹೆಸರು ಸೇರಿಸಿ ತಾನೇ ಕಟ್ಟಿದ್ದನ್ನು ಹಾಡಿದ. ಅದರಲ್ಲಿ ನನ್ನ ಹೆಸರಿರಲಿಲ್ಲ. ಪ್ರತಿ ಪದ್ಯದ ಕೊನೆಗೆ ಬರುವ ‘ಸಾವಧಾನ’ಕ್ಕೂ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುತ್ತಿತ್ತು. ಅರಿಶಿಣ, ತುಪ್ಪ ಹಚ್ಚಿದ ಅಕ್ಷತೆ. ನನ್ನ ತಲೆಯ ಮೇಲೆ, ಕಾಲರಿನೊಳಗೆ, ಬಟ್ಟೆಯ ಮೇಲೆ. ಮತ್ತೆಲ್ಲಿ ಬೀಳುತ್ತಿದೆ ಎಂದು ಮೇಲೆ ನೋಡುವ ಬುದ್ಧಿ ನನಗಿರಲಿಲ್ಲ.

ಕೊನೆಯ ‘ಸಾವಧಾನ’ ಆಯಿತು. ಬ್ಯಾಂಡು ಹೊಡೆಯಿತು. “ಸರಸ್ರೀ!” ಎಂದು ಭಟ್ಟರು ಕೂಗಿದರು. ನಾನು ಗತ್ತಿನಿಂದ ಜಗ್ಗಿದೆ.

ಬಟ್ಟೆ ಒಂದು ಗೇಣು ಸರಿದು ನಿಂತಿತು.

ಮತ್ತೆ ಜಗ್ಗಿದೆ. ಇಲ್ಲ. ಆಗ ಮೇಲೆ ನೋಡಿದೆ. ಉಬ್ಬಿದ ಹಗ್ಗಕ್ಕೂ ಸಣ್ಣ ರಿಂಗಿಗೂ ನಡುವೆ ತುಪ್ಪದ ಅಕ್ಕಿಕಾಳುಗಳು ಸಾಲಾಗಿ ಸಿಕ್ಕಿಕೊಂಡು ಕೂತಿದ್ದವು. ಶಕ್ತಿ ಹಾಕಿ ಎಳೆದೆ. ಕಂಬ ಅಲ್ಲಾಡಿತು, ಮೇಲಿನ ಹೂವಿನ ಸರ ಭಟ್ಟರ ಕೊರಳಿಗೆ ಬಿತ್ತು. ರಿಂಗು ಕಿತ್ತು ಬರಲಿಲ್ಲ. ಹ್ಯಾಗೆ ಬಂದೀತು? ವಸಂತನ ರಿಂಗು! ನನ್ನ ಬೋರ್ಡಿನ ಮೇಲಿನ ಮಾತು ಜನ್ಮದಲ್ಲಿ ಮೊದಲ ಸಲ ಸುಳ್ಳಾಗಲಿ ದೇವರೇ ಎಂದು ಬೇಡಿಕೊಂಡೆ. ಆಗಲಿಲ್ಲ.

“ಹೊತ್ತು ಮೀರ್ತದ್ರೀ!” ಭಟ್ಟರ ದನಿ ಏರಿತು. ಯಾರೋ ಕತ್ತರಿ ತರಲು ಹೇಳಿದರು. “ಕತ್ರಿ ಅಂದವ ಯಾಂವಾ? ಅಂತರಪಟಕ್ಕ ಕತ್ರಿ ಹಾಕ್ತಾರೇನು?” ಎಂದು ಅಕ್ಕ ಗುಡುಗಿದಳು. ಕುಳ್ಳ ಕಾಕಾ ನನ್ನ ಲಾರಿ ಗಂಟನ್ನು ತುದಿಗಾಲ ಮೇಲೆ ನಿಂತು ಉಗುರಿನಿಂದ ಕೆರೆಯುತ್ತಿದ್ದರು. ಉಳಿದದ್ದು ಒಂದೇ ದಾರಿ. ನನ್ನ ತಲೆಯ ಮೇಲಿನ ಕೊಂಡಿಯಿಂದ ಕುಣಿಕೆ ತೆಗೆದರೆ ಹಗ್ಗ, ಬಟ್ಟೆ ಎಲ್ಲ ಕೆಳಗಿಳಿಯುತ್ತದೆ.

“ಮಾಮಾ, ಕುಣಿಕಿ ತಗೀರಿ! ಕೈ ಎತ್ರಿ!” ಎಂದು ಇಡೀ ಕಾರ್ಯಾಲಯ ಕೂಗಿತು.

ಕೈ ಎತ್ತಿದೆ. ಅದು ಎದೆಗೆ ಬಂದು ನಿಂತಿತು. ನಾನು ಕುರ್ಚಿ ಕೊಟ್ಟ ಬೀಗರು ಅದರ ಮೇಲೆ ಎದ್ದು ನಿಂತು ತಮಾಷೆ ನೋಡುತ್ತಿದ್ದರು. ಹೊರಳಿ ನೋಡಿದರೆ ಮಕರಂದ ಅಂಗಿಯ ತೋಳು ಮಡಚುತ್ತ ಮಂಟಪದ ಮೆಟ್ಟಿಲು ಹತ್ತುತ್ತಿದ್ದ. “ಸರೀರಿ ವಸಂತರಾವ್, ನಾ ತಗೀತೇನಿ.” ಇಷ್ಟು ವರ್ಷ ತೂಗುಹಾಕಿಕೊಂಡ ಮಾತು, ಹೋಯಿತು, ಅಂದುಕೊಂಡೆ.

ಆಗ ನನ್ನ ಮೊಣಕೈಯ ಕೆಳಗೆ ಒಂದು ಕೈ ಬಂತು. ಮೆಹಂದಿ ಹಚ್ಚಿದ, ಹಸಿರು ಬಳೆ ತುಂಬಿದ ಕೈ.

“ಮಾಮಾ,” ಅಂದಳು ಮಂಜಿರಿ, ನನಗಷ್ಟೇ ಕೇಳುವ ಹಾಗೆ. ಆ ಹುಡುಗಿಗೆ ಅಷ್ಟು ಸಣ್ಣ ದನಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. “ನಾ ಹಿಡೀತೇನಿ, ನೀ ತಗಿ.”

ಅಂದವಳೇ ಮಾಲೆಯನ್ನು ಹೆಗಲಿಗೆ ಹಾಕಿಕೊಂಡು ಎರಡೂ ಕೈಯಿಂದ ನನ್ನ ಮೊಣಕೈ ಎತ್ತಿದಳು. ತಾಡಪತ್ರಿ ಎಳೆದು ಹಿಡಿದ ಕೈಗಳು ಅವು, ಹುಡುಗಾಟವಲ್ಲ. ಭುಜದೊಳಗೆ ಏನೋ ಕಟಕ್ಕೆಂದಿತು. “ಯವ್ವಾ!” ಎಂದು ನಾನು ಚೀರಿದ್ದು ಬ್ಯಾಂಡಿನವರಿಗೂ ಕೇಳಿ ಅವರು ಬಾರಿಸುವುದನ್ನು ನಿಲ್ಲಿಸಿದರು. ಬೆರಳಿಗೆ ಕುಣಿಕೆ ಸಿಕ್ಕಿತು, ತೆಗೆದೆ. ಹಗ್ಗ, ರಿಂಗು, ಬಟ್ಟೆ, ಅಕ್ಷತೆ ಎಲ್ಲ ಝಲ್ಲೆಂದು ಕೆಳಗೆ ಬಿತ್ತು. ಹುಡುಗ ಹುಡುಗಿಯನ್ನು ನೋಡಿದ. ಹುಡುಗಿ ಇನ್ನೂ ನನ್ನ ಕೈ ಹಿಡಿದಿದ್ದಳು.

ನನ್ನ ಕಣ್ಣಿಂದ ನೀರು ದಳದಳ ಇಳಿಯುತ್ತಿತ್ತು. “ನೋಡ್ರೀ, ಸೋದರಮಾವನ ಜೀವ ಎಷ್ಟದ!” ಎಂದು ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು. ಮಕರಂದನೂ ಮೂಗು ಒರೆಸಿಕೊಂಡ. ಅದು ಭುಜದ ನೋವಿನ ನೀರೆಂದು ಆಮೇಲೆ ಖಾಜಾ ಮಿಯಾನ ಮುಂದೆ ಹೇಳಿದೆ. ಅವನು ನಂಬಲಿಲ್ಲ. ನಂಬದಿದ್ದದ್ದೇ ಸರಿ. ನೋವು ಊಟದ ಹೊತ್ತಿಗೆ ಕಡಿಮೆಯಾಗಿತ್ತು, ಆದರೆ ಅವಳನ್ನು ಔರಾದಿನ ಗಾಡಿಗೆ ಹತ್ತಿಸುವಾಗಲೂ ನಾನು ಅಳುತ್ತಲೇ ಇದ್ದೆ.

ಮೊದಲ ಸಲ ಔರಾದಿಗೆ ಅವಳ ಮನೆಗೆ ಹೋದಾಗ ನೋಡುತ್ತೇನೆ, ಪಡಸಾಲೆಗೂ ಅಡುಗೆಮನೆಗೂ ನಡುವಿನ ಬಾಗಿಲಿಗೆ ಅಂತರಪಟವೇ ತೂಗುತ್ತಿದೆ. ಸ್ಟೀಲಿನ ಸಳಿಯ ಮೇಲೆ ನನ್ನ ರಿಂಗುಗಳು.

“ರಿಂಗು ಹೊಡದದ್ದು ಇದ್ದೇ ಇತ್ತಲ್ಲ ಮಾಮಾ, ಯಾಕ ಹಾಳು ಮಾಡಬೇಕು?” ಅಂದಳು. “ಜರಾ ಸರಸು, ಚಾ ತರ್ತೇನಿ.”

ನಾನು ಕೆಳಗಿನ ತುದಿ ಹಿಡಿದೆ.

“ಹಂಗಲ್ಲ. ಮ್ಯಾಲ ಹಿಡದು ಸರಸು. ಡಾಕ್ಟರು ಏನ್ ಹೇಳ್ಯಾರ ಅಂತ ಮಾಮಿ ಎಲ್ಲಾ ಹೇಳ್ಯಾಳ.”

“ನಿನಗ ಯಾವಾಗ ಗೊತ್ತಾತು?” ಎಂದು ಕೇಳಿದೆ.

“ಲಗ್ನಪತ್ರಿಕಾ ಕೊಡಲಾಕ ಬಂದಾಗ. ನಿನ್ನ ಬೈತಲಿ ಎಡಕ್ಕ ಇರ್ತಿತ್ತು, ಅವತ್ತು ಬಲಕ್ಕ ಇತ್ತು. ಮಾಮಿ ಎದುರಿಗಿ ನಿಂತು ಬಾಚ್ಯಾಳ, ಇವನ ಕೈ ಏಳವಲ್ದು ಅಂತ ತಿಳೀತು.”

ಊರಿಗೆಲ್ಲ ಮುಚ್ಚಿಟ್ಟ ಗುಟ್ಟನ್ನು ತಲೆಯ ಮೇಲೆ ಹೊತ್ತುಕೊಂಡು ಓಡಾಡಿದ್ದೆನಲ್ಲ, ನನ್ನಂಥ ಜಾಣ ಇನ್ನೊಬ್ಬನಿಲ್ಲ. “ಮತ್ತ ಅವಾಗೇ ಯಾಕ ಹೇಳಲಿಲ್ಲ?”

ಅವಳು ಚಹಾದ ಕಪ್ಪು ಕೆಳಗಿಟ್ಟಳು. “ಹೇಳಿದ್ರ ಮಕರಂದ ಕಾಕಾ ಹಿಡೀತಿದ್ರು. ನನಗ ನೀನೇ ಬೇಕಾಗಿತ್ತು.”

ಎದ್ದು ಹೋಗಿ ಪಡದಾದ ಮೇಲಿನ ಅಂಚಿಗೆ ಕೈ ಚಾಚಿದೆ. ಕೈ ಗದ್ದದವರೆಗೆ ಹೋಯಿತು. ಅವತ್ತಿಗೆ ಅಷ್ಟೇ.

ಅಂದಿನಿಂದ ಔರಾದಿಗೆ ಹೋದಾಗಲೆಲ್ಲ ಚಹಾಕ್ಕೆ ಮುಂಚೆ ಇದೇ ಕವಾಯತು. ಮನೆಯಲ್ಲೂ ಬಿಡದೆ ಗೋಡೆ ಹತ್ತುತ್ತೇನೆ. ಜಿಲೇಬಿಯನ್ನೂ ಬಿಟ್ಟಿದ್ದೇನೆ, ಹೆಚ್ಚು ಕಡಿಮೆ. ಮೊನ್ನೆ ಹೊರಡುವ ಮುಂಚೆ ಸುಮನಳ ಕೈಯಿಂದ ಹಣಿಗೆ ಕಸಿದುಕೊಂಡು ಕನ್ನಡಿಯ ಮುಂದೆ ನಿಂತು ನನ್ನ ತಲೆ ನಾನೇ ಬಾಚಿಕೊಂಡೆ. ಬೈತಲೆ ಸೊಟ್ಟಗಿತ್ತು, ಆದರೆ ಎಡಕ್ಕಿತ್ತು. ಔರಾದಿನಲ್ಲಿ ಬಾಗಿಲು ತೆರೆದ ಮಂಜಿರಿ ಬಾ ಅನ್ನುವುದಕ್ಕೂ ಮೊದಲು ನೋಡಿದ್ದು ನನ್ನ ತಲೆಯನ್ನೇ. ಹೊಗಳುತ್ತಾಳೆಂದು ನಾನು ಬಾಗಿಲಲ್ಲೇ ನಿಂತೆ.

ಅವಳು ಒಳಗೆ ತಿರುಗಿ ಗಂಡನಿಗೆ ಕೂಗಿ ಹೇಳಿದಳು: “ಏನ್ರೀ, ಮಾಮಾ ಬಂದಾನ. ಆ ಪಡದಾದ ಸಳಿ ಇನ್ನೊಂದು ಗೇಣು ಮ್ಯಾಲ ಏರಸ್ರಿ.”